ಚೆಲ್ಲಲಾರದ ಫ್ಲಾಸ್ಕು, ಹನ್ನೊಂದು ಉಂಗುರ

ಮೊದಲ ಸಲ ಲ್ಯಾಬಿನ ತಟ್ಟೆಯ ಮುಚ್ಚಳ ತೆಗೆದಾಗ ಐವತ್ತು ಚುಕ್ಕೆಗಳಲ್ಲಿ ಒಂದಕ್ಕೂ ಉಂಗುರ ಮೂಡಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆವು. ಕಪ್ಪು ಕಾಗದದ ಮೇಲಿಟ್ಟು ನೋಡಿದೆವು. ನನ್ನ ಚಾಳೀಸನ್ನು ಪ್ರಾಜೆಕ್ಟಿನ ಹುಡುಗಿಯೂ ಒಮ್ಮೆ ಏರಿಸಿಕೊಂಡು ನೋಡಿದಳು. ಇಲ್ಲವೆಂದರೆ ಇಲ್ಲ.

"ಅಕ್ಕಾರ, ಇನ್ನೊಂದ ತಾಸ ಬಿಟ್ಟ ನೋಡೂಣ್ರಿ. ಆಮ್ಯಾಲ ಮೂಡತಾವೇನೋ."

"ಹೌದು, ಚಿಕ್ಕಿ ನೋಡು ಅವು, ಹೊತ್ತ ಮುಣಿಗಿದ ಮ್ಯಾಲ ಮೂಡಾಕ," ಎಂದೆ.

ನಕ್ಕಳು. ನಗುವಾಗಲೇ ಕಣ್ಣು ತುಂಬಿಕೊಂಡಿತು. ಆ ಕ್ಷಣಕ್ಕೆ ಈ ಕೆಲಸ ನನ್ನ ಪಾಲಿಗೆ ಬರೀ ಟ್ಯೂಬು ತೊಳೆಯುವ ಕೆಲಸವಾಗಿ ಉಳಿಯಲಿಲ್ಲ.

ಬನಹಟ್ಟಿಯ ಕಾಲೇಜೊಂದರ ಸೂಕ್ಷ್ಮಜೀವಿ ಲ್ಯಾಬಿನ ಸಹಾಯಕಿ ಹೆರಿಗೆ ರಜೆಗೆ ಹೋಗಿದ್ದಳು. ಅವಳು ಬರುವತನಕ ಮೂರು ತಿಂಗಳು ಅವಳ ಜಾಗದಲ್ಲಿ ನಿಲ್ಲಲು ನನ್ನನ್ನು ಕರೆದಿದ್ದರು. ನಾನು ಇದೇ ವಿಷಯವನ್ನು ಎರಡು ವರ್ಷ ಓದಿದವಳು. ಮೂರನೆಯ ವರ್ಷಕ್ಕೆ ಮದುವೆಯಾಯಿತು. "ಒಂದು ವರ್ಷ ಮನೆಯಲ್ಲಿರು, ಆಮೇಲೆ ಪರೀಕ್ಷೆ ಕಟ್ಟುವಿಯಂತೆ" ಎಂದರು ಹಿರಿಯರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ನಮ್ಮ ಮನೆದೇವರು ಮಲ್ಲಯ್ಯ ನನಗೆ ಒಳ್ಳೆಯ ಮನೆ ಕೊಟ್ಟಿದ್ದಾನೆ, ಅದಕ್ಕಿಂತ ಒಳ್ಳೆಯ ಅತ್ತೆಯನ್ನು ಕೊಟ್ಟಿದ್ದಾನೆ. ಕೆಲಸದ ಮಾತು ಬಂದಾಗ ಅವರು ಹೇಳಿದ್ದು ಇಷ್ಟೇ: "ಹೋಗ ಬೇ. ರೊಟ್ಟಿ ನಾ ಬಡಿತೇನಿ. ಸಂಜಿ ದೀಪ ಹಚ್ಚೂದ್ರಾಗ ಮನಿಗಿ ಬಾ, ಅಷ್ಟ ಸಾಕು."

ಹುಡುಗಿಯ ಕಥೆಯೂ ಒಂದು ವರ್ಷದ್ದೇ. ಲೋಕಾಪುರದ ಕಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮನೆಯವರು ಕುರಿ ಸಾಕುವವರು, ಬೀರಪ್ಪನ ಒಕ್ಕಲು. ಹಣೆಯ ಮೇಲೆ ಭಂಡಾರದ ಹಳದಿ ಇಲ್ಲದೆ ಅವಳನ್ನು ನಾನು ನೋಡಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ಪ್ರಯೋಗವನ್ನೇ ಹಿಡಿದಿದ್ದಳು. ಇನ್ನೆರಡು ವಾರಕ್ಕೆ, ಒಂದು ಶುಕ್ರವಾರ, ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಅಷ್ಟರೊಳಗೆ ಫಲಿತಾಂಶ ಕೈಗೆ ಬರದಿದ್ದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು. "ಮನ್ಯಾಗ ಕುಂತ್ರ ಮತ್ತ ಸಾಲಿ ಮುಖ ನೋಡಾಕ ಬಿಡೂದಿಲ್ರಿ ಅಕ್ಕಾರ," ಎಂದಿದ್ದಳು. ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಪ್ರಯೋಗ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಂಗುರದ ಮಾತು ಅರ್ಥವಾಗದು. ಕೆಲವು ಬ್ಯಾಕ್ಟೀರಿಯಾಗಳ ಒಳಗೆ, ಅವುಗಳ ಹುಟ್ಟುಗುಣಗಳನ್ನು ಹೊತ್ತ ದೊಡ್ಡ ಎಳೆಯಲ್ಲದೆ, ಬೇರೆಯಾಗಿ ಸಣ್ಣ ಬಳೆಯಂಥ ಎಳೆಗಳೂ ಇರುತ್ತವೆ. ಅವಕ್ಕೆ ಪ್ಲಾಸ್ಮಿಡ್ ಎನ್ನುತ್ತಾರೆ. ಅದರಲ್ಲಿ ಒಂದು ಬಗೆಗೆ ಎಫ್ ಎಂದು ಹೆಸರು, ಫಲವತ್ತತೆಯ ಅಂಶ. ಎಫ್ ಇರುವ ಬ್ಯಾಕ್ಟೀರಿಯಾ ಕೂದಲಿಗಿಂತ ಸಣ್ಣ ಎಳೆಯೊಂದನ್ನು ಹೊರಗೆ ಚಾಚಿ, ಎಫ್ ಇಲ್ಲದ ಪಕ್ಕದವರನ್ನು ಹಿಡಿದು ಹತ್ತಿರ ಎಳೆದುಕೊಂಡು, ತನ್ನ ಬಳೆಯ ನಕಲೊಂದನ್ನು ಅವರಿಗೆ ಕೊಡುತ್ತದೆ. ಇನ್ನೊಂದು ಬಗೆ ಕೊಲ್. ಅದನ್ನು ಹೊತ್ತ ಬ್ಯಾಕ್ಟೀರಿಯಾ ತನ್ನದೇ ಕುಲದ ಬೇರೆಯವರನ್ನು ಕೊಲ್ಲುವ ವಿಷ ತಯಾರಿಸುತ್ತದೆ. ಆ ವಿಷ ತನಗೆ ತಗುಲದ ಹಾಗೆ ಕಾಯುವ ಔಷಧದ ಗುಟ್ಟೂ ಅದೇ ಬಳೆಯಲ್ಲಿರುತ್ತದೆ. ನಮ್ಮ ಹತ್ತಿರ ಇದ್ದ ಕೊಲ್‌ಗೆ ಒಂದು ಕೊರತೆ: ಕೂದಲೆಳೆ ಚಾಚಲು ಅದಕ್ಕೆ ಬಾರದು. ಪಕ್ಕದಲ್ಲಿ ಎಫ್ ಇದ್ದು ದಾರಿ ಮಾಡಿಕೊಟ್ಟರೆ ಮಾತ್ರ ಅದೂ ದಾಟಿ ಹೋಗುತ್ತದೆ. ಹಾಗೆ ದಾಟುವುದನ್ನು ತೋರಿಸುವುದೇ ಹುಡುಗಿಯ ಪ್ರಾಜೆಕ್ಟು.

ಇದನ್ನು ನಾನು ಕಟ್ಟೆಯ ಮೇಲೆ ಕೂತು ಅತ್ತೆಗೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಅಂದ್ರ ಆಟೋ ಒಬ್ಬರದು, ಕುಂತ ಹೋಗಾಕಿ ಇನ್ನೊಬ್ಬಾಕಿ. ಉಡ್ಯಾಗ ವಿಷಾನೂ ಐತಿ, ಔಷಧಾನೂ ಐತಿ," ಎಂದರು.

"ಖರೆ ಐತ್ರಿ ಅತ್ತಿ."

"ನಮ್ಮ ಓಣ್ಯಾಗ ಅಂಥಾಕಿ ಒಬ್ಬಾಕಿ ಅದಾಳ. ಹೆಸರ ಹೇಳೂದಿಲ್ಲ."

ಉಂಗುರ ನೋಡುವ ತನಕ ನಾಲ್ಕು ದಿನದ ಕೆಲಸ. ಮೊದಲ ದಿನ ಬೆಳಿಗ್ಗೆ, ಕೊಡುವವರ, ಅಂದರೆ ಎಫ್ ಮತ್ತು ಕೊಲ್ ಎರಡೂ ಇರುವ ಬ್ಯಾಕ್ಟೀರಿಯಾದ, ಹಳೆಯ ಬೆಳೆಯಿಂದ ಎರಡು ಹನಿ ತೆಗೆದು ಹೊಸ ಸಾರಿಗೆ ಹಾಕಿ, ಮೂರು ತಾಸು ಎಳೆಯದಾಗಿ ಬೆಳೆಸಬೇಕು. ಸಾರು ಎಂದರೆ ಅವುಗಳ ಊಟ. ಪಡೆಯುವವರನ್ನೂ ಹಾಗೆಯೇ. ಪಡೆಯುವ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿನ್ ಔಷಧಕ್ಕೆ ಜಗ್ಗದಂಥದು. ಕೊಡುವವು ಅದಕ್ಕೆ ಸಾಯುತ್ತವೆ. ಎರಡನ್ನೂ ಬೆರೆಸಿ ಮೂವತ್ತೇಳು ಡಿಗ್ರಿಯಲ್ಲಿ ಅಲುಗಾಡಿಸದೆ ಒಂದು ತಾಸು ಇಡಬೇಕು. ಹೆಚ್ಚು ಹೊತ್ತು ಬಿಡುವಂತಿಲ್ಲ, ಬಿಟ್ಟರೆ ಕೊಡುವವರ ವಿಷಕ್ಕೆ ಪಡೆಯುವವರೇ ಸಾಯತೊಡಗುತ್ತಾರೆ. ಆಮೇಲೆ ಸ್ಟ್ರೆಪ್ಟೊಮೈಸಿನ್ ಬೆರೆಸಿದ ತಟ್ಟೆಗೆ ಸವರಿದರೆ ಪಡೆಯುವವರ ಕಡೆಯವರು ಮಾತ್ರ ಉಳಿಯುತ್ತಾರೆ. ಎರಡನೆಯ ದಿನ ಅವರಲ್ಲಿ ಐವತ್ತು ಮಂದಿಯನ್ನು ಹಲ್ಲುಕಡ್ಡಿಯಿಂದ ಎತ್ತಿ ಬೇರೆ ತಟ್ಟೆಯಲ್ಲಿ ಸಾಲಾಗಿ ಚುಕ್ಕೆ ಇಡಬೇಕು, ಅಂಗಳದ ರಂಗೋಲಿಗೆ ಇಟ್ಟ ಹಾಗೆ. ಮೂರನೆಯ ದಿನ ಕ್ಲೋರೊಫಾರ್ಮಿನ ಹಬೆ ಹಿಡಿಸಿ ಆ ಚುಕ್ಕೆಗಳನ್ನು ಕೊಂದು, ವಿಷ ತಡೆಯಲಾರದ ಬ್ಯಾಕ್ಟೀರಿಯಾವನ್ನು, ಗಂಜಿಯಂತೆ ಹೆಪ್ಪುಗಟ್ಟುವ ತೆಳು ಅಗರ್‌ನಲ್ಲಿ ಕಲಸಿ ಮೇಲೆ ಸುರಿಯಬೇಕು. ನಾಲ್ಕನೆಯ ದಿನ ತಟ್ಟೆಯ ತುಂಬ ಬಿಳಿ ಮಂಜು ಬೆಳೆದಿರುತ್ತದೆ. ಯಾವ ಚುಕ್ಕೆ ಸಾಯುವ ಮೊದಲು ವಿಷ ಬಿಟ್ಟಿತ್ತೋ ಅದರ ಸುತ್ತ ಮಾತ್ರ ಏನೂ ಬೆಳೆಯದೆ ತಿಳಿಯಾದ ಉಂಗುರ ಕಾಣುತ್ತದೆ. ಉಂಗುರವಿದ್ದರೆ ಕೊಲ್ ದಾಟಿ ಬಂದಿದೆ ಎಂದೇ ಅರ್ಥ.

ತಟ್ಟೆಯ ನಡುವೆ ಗುರುತಿಗೆಂದು ಇಟ್ಟಿದ್ದ ಕೊಡುವವರ ಚುಕ್ಕೆಗೆ ದೊಡ್ಡ ಉಂಗುರ ಬಂದಿತ್ತು. ಅಂದರೆ ವಿಷ ಸರಿಯಿತ್ತು, ಕ್ಲೋರೊಫಾರ್ಮು ಸರಿಯಿತ್ತು. ದಾಟುವುದೊಂದೇ ಆಗಿರಲಿಲ್ಲ.

ನನ್ನ ಅನುಮಾನ ಮಗ್ಗದ ಮೇಲೆ ಹೋಯಿತು. ಲ್ಯಾಬಿನ ಗೋಡೆಗೆ ಹತ್ತಿಯೇ ಒಬ್ಬ ಕಾಕಾನ ಪವರ್‌ಲೂಮ್ ಶೆಡ್ಡು. ಅಲ್ಲಿನ ಮಗ್ಗಗಳು ಓಡುವಾಗ ನಮ್ಮ ಲ್ಯಾಬಿನ ಕಟ್ಟೆಯ ಮೇಲಿನ ಟ್ಯೂಬುಗಳು ಕಿಣಿಕಿಣಿ ಎನ್ನುತ್ತವೆ. ಜೋರಾಗಿ ಅಲುಗಾಡಿಸಿದರೆ ಆ ಕೂದಲೆಳೆ ಮುರಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಹೋಗಿ ಕಾಕಾನನ್ನು ಕೇಳಿಕೊಂಡೆ.

"ಕಾಕಾರ, ಸೋಮವಾರ ಹತ್ತರಿಂದ ಹನ್ನೊಂದರ ತನಕಾ ಮಗ್ಗಾ ಬಂದ್ ಇಡ್ತೀರೇನ್ರಿ?"

"ಯಾಕವಾ ತಂಗಿ, ಯಾರರ ಹೋದ್ರೇನ?"

"ಇಲ್ರಿ. ಎರಡ ಥರದ ಹುಳಾ ಕೂಡಸಾಕತ್ತೇವಿ. ಅವು ಅಲುಗಾಡಬಾರದು."

ಕಾಕಾ ಬಾಯೊಳಗಿನ ಎಲೆ ಅಡಿಕೆ ಒಂದು ಕಡೆ ಸರಿಸಿದ. "ಹುಳದ ಲಗ್ನಾ ಅನ್ನು! ಆತು. ಲಗ್ನದ ಮನಿ ಅಂದ ಮ್ಯಾಲ ಒಂದ ತಾಸ ಸುಮ್ಮನಿರೂದ ಏನ ದೊಡ್ಡದು. ಅಕ್ಕಿಕಾಳ ಒಗಿಯಾಕರ ಕರೀರಿ."

ಆ ಸೋಮವಾರ ಅವನು ಖರೆಯೇ ಮಗ್ಗ ನಿಲ್ಲಿಸಿದ. ಆ ಓಣಿಯಲ್ಲಿ ಹಗಲು ಹೊತ್ತು ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಸಂಜೆ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಆ ದಿನದ ಕೃಪೆಗಳನ್ನು ಎಣಿಸುವಾಗ (ಇದು ನನ್ನ ತಾಯಿ ಕಲಿಸಿದ ರೂಢಿ, ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು) ಕಾಕಾನಿಗೆ ಒಂದು ಗೆಣ್ಣು ಇಟ್ಟೆ.

ಗುರುವಾರ ತಟ್ಟೆ ತೆರೆದರೆ ಐವತ್ತಕ್ಕೆ ಐವತ್ತೂ ಬೋಳು.

"ಏನವಾ, ಲಗ್ನಾ ಮುರೀತೇನ?" ಎಂದ ಕಾಕಾ. "ಹೆಣ್ಣಿನ ಕಡೇವ್ರದೇನರ ತಕರಾರ ಐತೇನು ಕೇಳ್ರಿ."

ಹುಡುಗಿ ಈ ಸಲ ನಗಲಿಲ್ಲ. ಉಳಿದದ್ದು ಒಂದೇ ವಾರ. ಸೋಮವಾರ ಬೆರೆಸಿದರೆ ಗುರುವಾರ ಉಂಗುರ, ಶುಕ್ರವಾರ ಪರೀಕ್ಷೆ. ನಡುವೆ ಒಂದು ದಿನದ ಬಿಡುವೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ನಾನು ಟ್ಯೂಬು ತೊಳೆಯುತ್ತಿದ್ದೆ. ಅವಳು ಸ್ಟೂಲಿನ ಮೇಲೆ ಕೂತು ಬಾಯಿಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದು ಸಾಲು ಓದುವುದು, ನಮ್ಮ ಮಾತಿನಲ್ಲಿ ತನಗೆ ತಾನೇ ಹೇಳಿಕೊಳ್ಳುವುದು. "ಕೊಡೂ ಹುಳಾ ತುಂಬಿ ಬೆಳದು, ಊಟಾ ತೀರಿದ ಮ್ಯಾಲ, ಕೂದಲೆಳಿ ಚಾಚೂದ ಬಿಟ್ಟಬಿಡತಾವು. ಎಫ್ ಒಳಗ ಇದ್ದರೂ ಇಲ್ಲದವರಂಗ ಇರತಾವು. ಹೊಸಾ ಸಾರ ಹಾಕಿ ಎಳೀವ ಮಾಡಿದ್ರ ಮತ್ತ ಚಾಚತಾವು..."

ನನ್ನ ಕೈಯಲ್ಲಿನ ಬ್ರಶ್ಶು ನಿಂತಿತು.

ಫ್ರಿಜ್ಜಿನಲ್ಲಿ ಕೊಡುವವರ ಬೆಳೆ ತುಂಬಿದ ಒಂದು ಫ್ಲಾಸ್ಕು ಇತ್ತು. ಎರಡು ವಾರದ ಹಿಂದೆ ನಾನೇ ಬೆಳೆಸಿದ್ದು, ಗಟ್ಟಿ ಹಾಲಿನ ಹಾಗೆ ದಪ್ಪಗೆ, ಬೆಳ್ಳಗೆ. ಬೆಳಿಗ್ಗೆಯ ಹೊತ್ತು ಹುಡುಗಿ ಕ್ಲಾಸಿನಲ್ಲಿ ಇರುತ್ತಿದ್ದಳು, ಟ್ಯೂಬು ಅಣಿ ಮಾಡುವವಳು ನಾನು. ಎರಡು ಹನಿ ತೆಗೆದು ಹೊಸ ಸಾರಿಗೆ ಹಾಕಿ ಮೂರು ತಾಸು ಕಾಯಬೇಕೆಂದು ಹಾಳೆಯಲ್ಲಿ ಬರೆದಿತ್ತು. ನಾನು ಓದಿದ್ದೆ. ಆದರೆ ಇಷ್ಟು ಸಮೃದ್ಧವಾಗಿ ಬೆಳೆದು ನಿಂತದ್ದು ಕಣ್ಣೆದುರು ಇರುವಾಗ, ಅದನ್ನು ಚೆಲ್ಲಿ ಹೊಸ ಸಾರಿನ ಪುಡಿ ಕರಗಿಸುವುದು ನನ್ನ ಕೈಗೆ ಬರಲಿಲ್ಲ. ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವ ಕೈ ಇದು. ತಟ್ಟೆಯಲ್ಲಿ ಅಗಳು ಬಿಟ್ಟರೆ ಅನ್ನಕ್ಕೆ ಅವಮಾನ ಎಂದು ನಂಬಿದ ಮನೆಯಲ್ಲಿ ಬೆಳೆದವಳು. ಹಾಗಾಗಿ ಎರಡೂ ಸಲ ಆ ಫ್ಲಾಸ್ಕಿನಿಂದಲೇ ನೇರವಾಗಿ ಟ್ಯೂಬಿಗೆ ಬಗ್ಗಿಸಿದ್ದೆ. ತಾಜಾ ಇದ್ದೀತೆಂದು ನಂಬಿ ಹುಡುಗಿ ತನ್ನ ರೆಕಾರ್ಡಿನಲ್ಲಿ "ಹೊಸದಾಗಿ ಬೆಳೆಸಿದ" ಎಂದು ಬರೆದುಕೊಂಡಿದ್ದಳು.

ಅವಳು ಬಸ್ಸಿಗೆ ಹೊರಟಳು. ನಾನು ಏನೂ ಹೇಳಲಿಲ್ಲ.

ಆ ಭಾನುವಾರವನ್ನು ನಾನು ಮರೆಯುವುದಿಲ್ಲ. ಲಿಂಗಪೂಜೆಗೆ ಕೂತೆ, ಮನಸ್ಸು ಫ್ರಿಜ್ಜಿನಲ್ಲಿತ್ತು. ಸುಮ್ಮನೆ ಸೋಮವಾರ ಸರಿಯಾಗಿ ಮಾಡಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿಗೆ ಉಂಗುರ ಸಿಗುತ್ತದೆ, ನನ್ನ ಮಾನ ಉಳಿಯುತ್ತದೆ. ಸಂಜೆ ಗೆಣ್ಣು ಎಣಿಸಲು ಕೂತರೆ ಮೂರಕ್ಕೇ ನಿಂತುಹೋಯಿತು. ಅತ್ತೆ ನೋಡುತ್ತಲೇ ಇದ್ದರು.

"ಇವತ್ತ ದೇವರ ಕೈ ಬಿಗಿ ಹಿಡದಾನೇನ, ಮೂರ ಕೊಟ್ಟಾನ?"

ಎಲ್ಲ ಹೇಳಿದೆ. ಅತ್ತೆ ಬೈಯಲಿಲ್ಲ. "ಚೆಲ್ಲಬಾರದು ಅಂತ ಕಲಿಸಿದಾಕಿ ನಾನೂ ಒಬ್ಬಾಕಿ," ಎಂದರು. "ಆದ್ರ ಆ ಹುಡಿಗಿ ಬರದಿದ್ದು ಸುಳ್ಳ ಆತಲ್ಲ ಬೇ. ಅದನ್ನ ಆಕಿ ಕೊರಳಿಗಿ ಕಟ್ಟಿ ನೀ ಹೆಂಗ ದೀಪಾ ಹಚ್ಚತಿ?"

ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ಲ್ಯಾಬಿನಲ್ಲಿದ್ದೆ. ಹಳೆಯ ಫ್ಲಾಸ್ಕಿನಿಂದ ಎರಡೇ ಹನಿ ಹೊಸ ಸಾರಿಗೆ ಹಾಕಿ, ಪ್ರಾಜೆಕ್ಟು ನೋಡಿಕೊಳ್ಳುವ ಮೇಡಂ ಮತ್ತು ಹುಡುಗಿ ಬಂದ ಕೂಡಲೇ ನಿಂತ ಕಾಲ ಮೇಲೆ ಹೇಳಿಬಿಟ್ಟೆ. ಮೇಡಂ ಜಮಖಂಡಿಯವರು, ಮನೆಮಾತು ಮರಾಠಿ. ಸಿಟ್ಟು ಬಂದಾಗ ಅದು ಮೊದಲು ಹೊರಗೆ ಬರುತ್ತದೆ.

"ಅಗಂ ಬಾಈ! ಎರಡ ವಾರ ರೀ! ಎರಡ ವಾರ ಹಳೇ ಕಲ್ಚರ್ ಹಾಕೀರಿ?"

"ಹೌದ್ರಿ. ಚೆಲ್ಲಾಕ ಜೀವಾ ಒಪ್ಪಲಿಲ್ರಿ."

ಮೇಡಂ ಕುರ್ಚಿಯ ಮೇಲೆ ಕೂತರು. ಆಮೇಲೆ ಅವರ ದನಿ ಇಳಿಯಿತು. "ಪಾಪ ಪುಣ್ಯದ್ದು ದೇವರ ಮುಂದ ಹೇಳ್ರಿ. ಲ್ಯಾಬಿನ್ದು ಪುಸ್ತಕದಾಗ ಬರೀರಿ. ಏನ್ ಮಾಡೀರಿ, ಹೆಂಗ ಮಾಡೀರಿ, ಒಂದಕ್ಷರ ಬಿಡದ."

ಹುಡುಗಿ ನನ್ನ ಕಡೆ ನೋಡಲಿಲ್ಲ. ರೆಕಾರ್ಡು ತೆಗೆದು "ಹೊಸದಾಗಿ ಬೆಳೆಸಿದ" ಎನ್ನುವುದಕ್ಕೆ ಒಂದು ಗೆರೆ ಎಳೆದು, ಮೇಲೆ "ಫ್ರಿಜ್ಜಿನಲ್ಲಿ ಇಟ್ಟ ಹಳೆಯ" ಎಂದು ಬರೆದಳು. ಪೆನ್ನು ಒತ್ತಿ ಬರೆದ ಸದ್ದು ನನಗೆ ಕೇಳಿಸಿತು. ನಾನು ಫ್ಲಾಸ್ಕು ಎತ್ತಿಕೊಂಡು, ಮಲ್ಲಯ್ಯ ಕ್ಷಮಿಸು ಎಂದು, ಪ್ರೆಶರ್ ಕುಕ್ಕರಿನಲ್ಲಿ ಇಟ್ಟೆ. ಲ್ಯಾಬಿನ ರೀತಿ ಹಾಗೆ: ಬೇಯಿಸಿ ಕೊಂದ ಮೇಲೆಯೇ ಮೋರಿಗೆ ಚೆಲ್ಲುವುದು. ಚೆಲ್ಲಿದೆ. ಕೈಗೆ ನೋವಾಯಿತು ಎಂದರೆ ನಗಬೇಡಿ.

ಹತ್ತಕ್ಕೆ ನೋಡಿದರೆ ಹೊಸ ಸಾರು ತೆಳುವಾಗಿ ಮಸುಕಾಗಿತ್ತು, ಅಕ್ಕಿ ತೊಳೆದ ಎರಡನೆಯ ನೀರಿನಷ್ಟು. ಇಷ್ಟು ಸಾಕೇ ಎಂದು ಒಳಗೊಳಗೇ ಅಳುಕು. ಬೆರೆಸಿ ಇನ್‌ಕ್ಯುಬೇಟರಿನಲ್ಲಿ ಇಟ್ಟೆವು. ಅದರ ಬಾಗಿಲು ಮುಚ್ಚಿದ ಐದು ನಿಮಿಷಕ್ಕೆ ಗೋಡೆಯಾಚೆಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು.

ನಮ್ಮೂರಲ್ಲಿ ಅದರ ಅರ್ಥ ಮಕ್ಕಳಿಗೂ ಗೊತ್ತು. ಕರೆಂಟು ಹೋಯಿತು.

ಕಾಕಾ ಕಿಟಕಿಯಿಂದಲೇ ಕೂಗಿದ: "ತಂಗಿ, ಇವತ್ತ ನಾ ಬಂದ್ ಮಾಡಿಲ್ಲವಾ! ಮ್ಯಾಲಿನವರ ಮಾಡ್ಯಾರ!"

ಚಳಿಗಾಲದ ಬೆಳಗು. ಆ ಹಳೆಯ ಇನ್‌ಕ್ಯುಬೇಟರಿನ ಬಾಗಿಲು ಸರಿಯಾಗಿ ಕೂರುವುದಿಲ್ಲ, ಕಾವು ನಿಲ್ಲುವುದಿಲ್ಲ. ತಣ್ಣಗಾದರೆ ದಾಟುವುದು ನಿಲ್ಲುತ್ತದೆ, ಕಾಯುತ್ತ ಕೂತರೆ ವಿಷ ಹೆಚ್ಚುತ್ತದೆ, ಮತ್ತೆ ಮೊದಲಿಂದ ಮಾಡಲು ದಿನವಿಲ್ಲ. ಹುಡುಗಿ ಆಗ ಆ ದಿನ ಮೊದಲ ಸಲ ನನ್ನ ಮುಖ ನೋಡಿದಳು. "ಅಕ್ಕಾರ, ಏನ ಮಾಡೂಣ್ರಿ?"

ಲ್ಯಾಬಿನ ವಿದ್ಯೆ ನನಗೆ ಎರಡೇ ವರ್ಷದ್ದು. ಕಾವು ಕಾಯುವ ವಿದ್ಯೆ ಜನ್ಮದ್ದು. "ಗ್ಯಾಸ್ ಹಚ್ಚು. ನೀರ ಕಾಯಸು," ಎಂದೆ. ಕಿಟಕಿಗೆ ಹೋಗಿ, "ಕಾಕಾರ, ನೀವು ಮಧ್ಯಾನ ಹಾಸ್ಕೊಂಡ ಮಲಗೂ ಕೌದಿ ಕೊಡ್ರಿ, ಲಗೂನ!" ಎಂದೆ.

"ಕೌದಿನೂ ಬೇಕಾತ? ಭಾರಿ ಲಗ್ನಾ ಬಿಡವಾ!" ಎನ್ನುತ್ತಲೇ ಹಳೆಯ ಇಳಕಲ್ ಸೀರೆಗಳನ್ನು ಹೊಲಿದ ದಪ್ಪ ಕೌದಿಯನ್ನು ಕಿಟಕಿಯಿಂದ ತೂರಿಸಿದ.

ದೊಡ್ಡ ಬೋಗೋಣಿಗೆ ನೀರು ಹಾಕಿ, ಬಿಸಿಯದು ತಣ್ಣನೆಯದು ಬೆರೆಸಿ, ಮೊದಲು ಮೊಣಕೈ ಅದ್ದಿ ನೋಡಿದೆ. ತಂಗಿಯ ಮಕ್ಕಳಿಗೆ ಎರೆಯುವಾಗ ನೋಡುತ್ತಿದ್ದ ಹಾಗೆ. ಥರ್ಮಾಮೀಟರು ಮೂವತ್ತೆಂಟು ತೋರಿಸಿತು. "ಒಂದ ತಂಬಿಗಿ ತಣ್ಣೀರ ಹಾಕು." ಮೂವತ್ತೇಳು. ಟ್ಯೂಬುಗಳನ್ನು ಸ್ಟ್ಯಾಂಡಿನ ಸಮೇತ ನಿಧಾನಕ್ಕೆ ಇಳಿಸಿ, ಮುಚ್ಚಿ, ಕೌದಿ ಸುತ್ತಿದೆವು. ಹತ್ತು ನಿಮಿಷಕ್ಕೊಮ್ಮೆ ಅಂಚು ಎತ್ತಿ ಥರ್ಮಾಮೀಟರು ನೋಡುವುದು, ಒಂದು ಲೋಟ ಬಿಸಿನೀರು ಅಂಚಿನಿಂದ ಇಳಿಬಿಡುವುದು. ಮೇಡಂ ಗಡಿಯಾರ ಹಿಡಿದು ನಿಂತರು. ಯಾರೂ ಕೆಮ್ಮಲೂ ಇಲ್ಲ.

ಆ ಮೌನದಲ್ಲಿ ನನಗೊಂದು ಯೋಚನೆ ಬಂತು, ಅದನ್ನೂ ಬರೆದುಬಿಡುತ್ತೇನೆ. ನನಗೆ ಮಕ್ಕಳಾಗಲಿಲ್ಲ. ಫಲ ಎನ್ನುವ ಮಾತು ಕೇಳಿದಾಗ ಎಷ್ಟೋ ವರ್ಷ ನಾನು ಬೇರೆ ಕಡೆ ನೋಡುತ್ತಿದ್ದೆ. ಕೌದಿಯೊಳಗೆ ನಡೆಯುತ್ತಿದ್ದ ಈ ಫಲವತ್ತತೆಯಲ್ಲಿ ಹುಟ್ಟುವವರು ಯಾರೂ ಇರಲಿಲ್ಲ. ಒಬ್ಬರು ತಮ್ಮಲ್ಲಿದ್ದುದನ್ನು ಪಕ್ಕದವರಿಗೆ ಕೊಡುತ್ತಿದ್ದರು, ಕೊಟ್ಟ ಮೇಲೂ ಅವರಲ್ಲಿ ಅದು ಉಳಿಯುತ್ತಿತ್ತು. ಪಡೆದವರು ನಾಳೆ ಇನ್ನೊಬ್ಬರಿಗೆ ಕೊಡಬಲ್ಲವರಾಗುತ್ತಿದ್ದರು. ಇದನ್ನೂ ಫಲವೆಂದೇ ಕರೆಯುತ್ತಾರಲ್ಲ, ಅಷ್ಟು ಸಾಕೆನಿಸಿತು.

"ತಾಸ ಆತು," ಎಂದರು ಮೇಡಂ. ತಟ್ಟೆಗೆ ಸವರುತ್ತಿರುವಾಗ ಕರೆಂಟು ಬಂತು.

ಮಂಗಳವಾರ ಚುಕ್ಕೆ. ಬುಧವಾರ ಕಿಟಕಿಗಳನ್ನೆಲ್ಲ ತೆರೆದು ಕ್ಲೋರೊಫಾರ್ಮು, ಮೇಲೆ ತೆಳು ಅಗರು. ಗುರುವಾರ ಹುಡುಗಿ ಮೊದಲ ಬಸ್ಸಿಗೇ ಬಂದಿದ್ದಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ನೀವ ತಗೀರಿ ಅಕ್ಕಾರ."

ಬಿಳಿ ಮಂಜಿನ ನಡುವೆ ಕಪ್ಪು ಕಾಗದ ಕಾಣಿಸುವಂಥ ತಿಳಿಯಾದ ಒಂದು ಉಂಗುರ. ಅದರಾಚೆ ಇನ್ನೊಂದು. ಮೂಲೆಯಲ್ಲಿ ಎರಡು ಒಟ್ಟಿಗೇ, ಒಂದಕ್ಕೊಂದು ಹೆಗಲು ತಾಗಿಸಿಕೊಂಡು. ಅವಳು ಬೆರಳಿಟ್ಟು ಎಣಿಸಿದಳು, ನಾನು ಎಣಿಸಿದೆ, ಮೇಡಂ ಬಂದು ಎಣಿಸಿದರು. ಐವತ್ತರಲ್ಲಿ ಹನ್ನೊಂದು. ಹುಡುಗಿ ನನ್ನನ್ನು ಅಪ್ಪಿಕೊಂಡು ಎಷ್ಟು ಜೋರಾಗಿ ಕೂಗಿದಳೆಂದರೆ ಗೋಡೆಯಾಚೆ ಕಾಕಾ ಮಗ್ಗ ನಿಲ್ಲಿಸಿ ಕೇಳಿದ:

"ಆತೇನವಾ ಲಗ್ನಾ?"

"ಹನ್ನೊಂದ ಆಗ್ಯಾವ್ರಿ ಕಾಕಾರ!"

"ಹನ್ನೊಂದ! ಸಾಮೂಹಿಕ ಮಾಡೀರೇನ!"

ಶುಕ್ರವಾರ ಪರೀಕ್ಷಕರು ಬಂದರು, ನರೆತ ಮೀಸೆಯ ನಿಧಾನದ ಮನುಷ್ಯ. ನಾನು ಮೂಲೆಯಲ್ಲಿ ಬೀಕರು ಒರೆಸುತ್ತ ನಿಂತಿದ್ದೆ. ಒರೆಸಿದ್ದನ್ನೇ ಒರೆಸುತ್ತಿದ್ದೆ. ಅವರು ರೆಕಾರ್ಡು ತಿರುವಿ, ಗೆರೆ ಎಳೆದ ಜಾಗದಲ್ಲಿ ಬೆರಳಿಟ್ಟರು. "ಏನಿದು?"

ಹುಡುಗಿ ಸಾವಕಾಶ ಮೂರು ತಟ್ಟೆಗಳನ್ನೂ ಸಾಲಾಗಿ ಇಟ್ಟಳು, ಬೋಳಾದ ಎರಡನ್ನು ಮೊದಲು.

"ಸರ್, ಈ ಎರಡಕ್ಕೂ ಹಳೇ ಕಲ್ಚರ್ ಹಾಕಿತ್ರಿ. ಎಫ್ ಒಳಗ ಇತ್ತು, ಆದ್ರ ಕೂದಲೆಳಿ ಚಾಚಲಿಲ್ಲ. ಹಿಂಗಾಗಿ ಕೊಲ್ ದಾಟಲಿಲ್ಲ. ಮೂರನೇದಕ್ಕ ಎಳೀದ ಹಾಕೇವ್ರಿ. ತಳಿ ಅದೇ, ತಟ್ಟಿ ಅದೇ, ಕೈನೂ ಅವೇ. ಕೊಡಾವರ ಎಳೇರಿದ್ರ ಅಷ್ಟ ಕೊಲ್ ದಾಟತೈತಿ ಅಂತ ಇದರಿಂದ ಗೊತ್ತಾತ್ರಿ."

ಪರೀಕ್ಷಕರು ಕಿಟಕಿಯ ಹತ್ತಿರ ಹೋಗಿ ಒಂದೊಂದೇ ತಟ್ಟೆ ನೋಡಿದರು. ಬೋಳು ತಟ್ಟೆಗಳನ್ನೇ ಹೆಚ್ಚು ಹೊತ್ತು ನೋಡಿದರು. "ಎಲ್ಲಾರೂ ಉಂಗುರ ಬಂದಿದ್ದಷ್ಟ ತಂದ ತೋರಸ್ತಾರ್ರಿ ಮೇಡಂ," ಎಂದರು. "ಬರಲಾರದ್ದು ಯಾಕ ಬರಲಿಲ್ಲ ಅಂತ ತೋರಿಸಿದಾಕಿ ಈಕಿ. ಇವೆರಡ ಇರಲಿಲ್ಲಂದ್ರ ಅರ್ಧಾ ಪ್ರಾಜೆಕ್ಟ ಆಗತಿತ್ತು."

ಅವರು ಸಹಿ ಹಾಕಿ ಹೊರಟ ಮೇಲೆ ಹುಡುಗಿ ನನ್ನ ಕೈಯಿಂದ ಬೀಕರು ಕಸಿದುಕೊಂಡಳು. "ಇದು ಸವದ ಹೊಂಟತಿ, ಬಿಡ್ರಿ. ಆ ಫ್ಲಾಸ್ಕ್ ನೀವ ಮೊದಲ ದಿನಾನ ಚೆಲ್ಲಿದ್ರ ನನಗ ಅರ್ಧಾ ಪ್ರಾಜೆಕ್ಟ ಉಳೀತಿತ್ತು, ಕೇಳಿದ್ರಿಲ್ಲೋ?" ಎಂದು ಚೀಲದಿಂದ ಪುಡಿಕೆ ತೆಗೆದು, ಚಿಟಿಕೆ ಭಂಡಾರ ನನ್ನ ಹಣೆಗೆ ಹಚ್ಚಿ, ಉಳಿದದ್ದನ್ನು ಇನ್‌ಕ್ಯುಬೇಟರಿನ ಬಾಗಿಲಿಗೂ ಸವರಿದಳು. ಮೇಡಂ ನೋಡಿಯೂ ನೋಡದವರ ಹಾಗೆ ಹೊರಗೆ ಹೋದರು.

ತಟ್ಟೆಗಳ ಚಿತ್ರ ತೆಗೆದುಕೊಂಡ ಮೇಲೆ ಅವನ್ನೂ ಬೇಯಿಸಿ ಚೆಲ್ಲಬೇಕಿತ್ತು. ಹನ್ನೊಂದು ಉಂಗುರದ ತಟ್ಟೆ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಹಳೆಯ ಚಾಳಿ. ಆಮೇಲೆ ಕುಕ್ಕರಿಗೆ ಇಟ್ಟೆ. ಸೀಟಿ ಕೂಗಿತು, ಗೋಡೆಯಾಚೆ ಮಗ್ಗ ಓಡುತ್ತಲೇ ಇತ್ತು. ಕೌದಿಯನ್ನು ಒಗೆದು ಕೊಡಲೆಂದು ಬಗಲಲ್ಲಿ ಇರುಕಿಕೊಂಡು ಮನೆಗೆ ಬಂದೆ.

ದೀಪ ಹಚ್ಚಿ ಕೂತಾಗ ಅತ್ತೆ ಕೇಳಿದರು, "ಇವತ್ತ ಎಷ್ಟ ಬೇ?"

"ಹನ್ನೆರಡೂ ತುಂಬಿದಾವ್ರಿ."

"ಉಂಗುರಾ ಹನ್ನೊಂದಲ್ಲೇನ? ಹನ್ನೆರಡನೇ ಗೆಣ್ಣು ಯಾರಿಗಿ?"

"ಚೆಲ್ಲಿದ ಫ್ಲಾಸ್ಕಿಗ್ರಿ ಅತ್ತಿ," ಎಂದೆ.